ಏಳನೆಯ ತಲೆಮಾರಿನ ಮರಿಗಳು

ಕೋಳಿ ಸಂಶೋಧನಾ ಕೇಂದ್ರದ ಸ್ನಾನದ ಕೋಣೆಯೆದುರು ಶೂ ಕಳಚುವಾಗ, ತನ್ನ ಸ್ವೆಟರಿನ ತೋಳಿಗೆ ಪುಕ್ಕವೊಂದು ಅಂಟಿರುವುದು ತೆಸ್ಸಿಗೆ ಕಂಡಿತು. ಕಪ್ಪು ಪುಕ್ಕ. ಒಳಗಿದ್ದ ಎರಡು ಸಾವಿರ ಕೋಳಿಗಳಲ್ಲಿ ಒಂದೂ ಕಪ್ಪಿರಲಿಲ್ಲ.

ಹೊರಗೆ ಬಂದು ಪೆಂಡಲ್ ಹಿಲ್‌ನ ತನ್ನ ಮನೆಗೆ ಫೋನ್ ಮಾಡಿದಳು. ಅವಳ ಅಪ್ಪ ವಿಸ್ತಿನ್ ತನ್ನ ಮನೆ ಖಾಲಿ ಮಾಡಿ ಅಲ್ಲಿಗೆ ಬಂದದ್ದು ನಿನ್ನೆ ಸಂಜೆ.

"ಅಪ್ಪಾ, ಕೋಳಿ ಎಲ್ಲಾ ಕೊಟ್ಟು ಬಂದೆ ಅಂದಿದ್ಯಲ್ಲ?"

"ಕೊಟ್ಟೆನಲ್ಲ. ಒಂದು ಬಿಟ್ಟು."

"ಎಲ್ಲಿದೆ ಅದು?"

"ರಾತ್ರಿ ನಿನ್ನ ಬಟ್ಟೆ ಬುಟ್ಟೀಲಿ ಮಲಗಿತ್ತು. ಪಾಪ, ಚಳಿ."

"ಮನೇಲಿ ಹಕ್ಕಿ ಸಾಕಲ್ಲ ಅಂತ ಕೇಂದ್ರಕ್ಕೆ ವರ್ಷಾ ವರ್ಷ ಸಹಿ ಹಾಕಿ ಕೊಡೋಳು ನಾನು! ಅದರಿಂದ ಒಂದು ರೋಗ ಒಳಗೆ ಹೋದ್ರೆ ಎಲ್ಲಾ ಮುಗೀತು. ಹೋಗ್ಲಿ, ಮೊಟ್ಟೆನಾದ್ರೂ ಇಡತ್ತಾ?"

"ನಾಲ್ಕು ವರ್ಷ ಆಯ್ತು, ಒಂದೂ ಇಟ್ಟಿಲ್ಲ."

"ಮತ್ಯಾಕೆ ತಂದೆ?"

"ನನ್ನನ್ನ ಯಾಕೆ ಕರ್ಕೊಂಡು ಬಂದೆ? ನಾನು ಮೊಟ್ಟೆ ಇಡ್ತೀನಾ?"

ತೆಸ್ಸಿ ಫೋನ್ ಇಟ್ಟಳು. ಬಾಗಿಲಾಚೆ ಮರಿಗಳು ಚಿಪ್ಪೊಡೆಯುವ ದಿನ ಇವತ್ತೇ. ಎಂಟು ವರ್ಷ, ಏಳು ತಲೆಮಾರು. ಪ್ರತಿ ಕೋಳಿಯ ರೆಕ್ಕೆಯಡಿಯಿಂದ ರಕ್ತದ ಹನಿ ತೆಗೆದು, ವಂಶವಾಹಿಗಳನ್ನು ಓದಿ, ಬೇಗ ಬೆಳೆಯುವ, ಬಿಡುವಿಲ್ಲದೆ ಮೊಟ್ಟೆಯಿಡುವ ತಾಯಂದಿರನ್ನು ಆರಿಸುತ್ತ ಬಂದವಳು ಅವಳೇ. ಕಾವಿಗೆ ಕೂತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಕಾವು ಕೂರುವ ಆಸೆಯನ್ನೂ ತಲೆಮಾರಿಂದ ತಲೆಮಾರಿಗೆ ಸೋಸಿ ತೆಗೆದಾಗಿತ್ತು. ಮೊದಲ ಮರಿ ಕೊಕ್ಕು ಹೊರಚಾಚುವಾಗ ತಾನು ಅಲ್ಲಿರಬೇಕು ಎಂಬುದಷ್ಟೇ ಅವಳು ಈ ಕೆಲಸದಿಂದ ಬಯಸಿದ್ದು. ಈ ಪುಕ್ಕವನ್ನು ಊದಿಬಿಟ್ಟರೆ ಯಾರಿಗೂ ತಿಳಿಯದು. ಹೇಗೂ ಸ್ನಾನ ಮಾಡಿಯೇ ಒಳಗೆ ಹೋಗುವುದು.

ಪುಕ್ಕವನ್ನು ತುಟಿಯ ಹತ್ತಿರ ತಂದಳು. ಆಮೇಲೆ ಜೇಬಿಗೆ ಹಾಕಿಕೊಂಡು, ಮೇಲ್ವಿಚಾರಕ ಹೇಡನ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಇವತ್ತೇ ಆಗ್ಬೇಕಿತ್ತಾ ಇದು, ತೆಸ್ಸಿ?" ಹೇಡನ್ ನಿಟ್ಟುಸಿರಿಟ್ಟ. "ಕೋಳಿ ಬೇರೆ ಕಡೆ ಸಾಗಿಸು. ಅದಾಗಿ ಮೂರು ದಿನ ಗೇಟಿನ ಹತ್ರ ಸುಳೀಬೇಡ."

ಮಧ್ಯಾಹ್ನ ಅವಳು ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ವಿಸ್ತಿನ್ ಚೀಸ್ ತುಂಬಿದ ಪಸ್ತಿಜ್ಜಿ ಬಿಸಿ ಮಾಡಿ ಪಕ್ಕದಲ್ಲಿಟ್ಟ.

"ನಾಳೆ ನನ್ನ ತಮ್ಮ ಬಂದು ಕೋಳಿ ತಗೊಂಡು ಹೋಗ್ತಾನೆ. ಈಗ ಬೈಯೋದಿದ್ರೆ ಬೈದುಬಿಡು, ಆಮೇಲೆ ತಿನ್ನು. ಆರಿಹೋಗತ್ತೆ."

ಅಷ್ಟರಲ್ಲಿ ಹೇಡನ್‌ನ ವಿಡಿಯೋ ಕರೆ ಬಂತು. ತೆಸ್ಸಿ ಫೋನನ್ನು ಮೆಟ್ಟಿಲ ಮೇಲಿಟ್ಟು ಬಗ್ಗಿ ನೋಡಿದಳು. ಒದ್ದೆ ಮರಿಗಳು ಒಂದರ ಮೇಲೊಂದು ಬೀಳುತ್ತ ಚಿಂವ್ ಚಿಂವ್ ಎನ್ನುತ್ತಿದ್ದವು.

ನಿಂಬೆ ಗಿಡದಡಿ ಕೆದಕುತ್ತಿದ್ದ ಕರಿ ಕೋಳಿ ತಲೆಯೆತ್ತಿತು. ಕೊಕ್ ಕೊಕ್ ಎನ್ನುತ್ತ ಓಡಿ ಬಂದು ಮೆಟ್ಟಿಲೇರಿತು. ಪರದೆಯತ್ತ ಒಮ್ಮೆ ಕತ್ತು ವಾಲಿಸಿ ನೋಡಿ, ರೆಕ್ಕೆ ಹರಡಿ ಫೋನಿನ ಮೇಲೆ ಕೂತುಬಿಟ್ಟಿತು.

"ತೆಸ್ಸಿ, ಏನೂ ಕಾಣ್ತಿಲ್ಲ. ಎಲ್ಲಾ ಕಪ್ಪು," ಹೇಡನ್‌ನ ದನಿ ಅದರ ಹೊಟ್ಟೆಯಡಿಯಿಂದ ಬಂತು.

ತೆಸ್ಸಿ ಫೋನ್ ತೆಗೆಯಲು ಕೈ ಚಾಚಿದಳು. ಕೋಳಿ ಮೈಯೆಲ್ಲ ಕೆದರಿಕೊಂಡು ಅವಳ ಬೆರಳನ್ನು ಕುಕ್ಕಿತು.