ಒಂಬತ್ತನೆಯ ಕೊಂಡಿ

ಇಳಕಲ್ಲಿನ ನೇಕಾರ್ತಿ ನೀಲಗಂಗವ್ವ ಕಳೆದುಕೊಂಡ ಬಲಗೈಯ ಜಾಗದಲ್ಲಿದ್ದ ಯಂತ್ರದ ಕೈ ಸಹಕಾರ ಸಂಘದವರು ಮಾಡಿದ್ದು. ಅದನ್ನು ನೇಯಿಸುವ ತಂತ್ರಾಂಶ ಮಾತ್ರ ಯಂತ್ರದ ಕೈಗಳನ್ನು ಮಾರುವ ಕಂಪನಿಯದು, ಕಂಪನಿಯ ಕೈಗಳಿಗಷ್ಟೇ ಹೊಂದುವಂಥದು. ನಡುವೆ ಸಂಘದವರ 'ದುಭಾಷಿ' ಕೂತು, ತಂತ್ರಾಂಶದ ಅಪ್ಪಣೆಗಳಲ್ಲಿ ಎಳೆಗೆ ಬೇಕಾದವನ್ನಷ್ಟೇ ಆಯ್ದು ಈ ಕೈಗೆ ತಿಳಿಯುವಂತೆ ಹೇಳುತ್ತಿತ್ತು. ಊರಿನ ಅರ್ಧ ಮಗ್ಗಗಳು ಹಾಗೇ ನಡೆಯುತ್ತಿದ್ದವು.

"ದುಭಾಷಿ ತೆಗೀರಿ ಅವ್ವಾರ. ಅದು ಕಳ್ಳ ದಾರಿ," ಎಂದ ಕಂಪನಿಯ ತಪಾಸಣೆಗಾರ.

"ಮೂರು ವರ್ಷದಾಗ ಒಂದ ಎಳಿ ತಪ್ಪಿಲ್ರಿ. ಯಾಕ ತೆಗೀಬೇಕು?"

"ಅಸಲಿ ಹೆಂಗಿರ್ತೈತಿ ನೋಡ್ರಿ ಮತ್ತ."

ಅವನು ಅಂಗಿಯ ತೋಳು ಮಡಚಿದ. ಅವನದು ಕಂಪನಿಯದೇ ಹೊಳೆಯುವ ಕೈ. ಅದೇ ತಂತ್ರಾಂಶ ಚಾಲೂ ಮಾಡಿದೊಡನೆ ಅದು ಅವಳ ಮಗ್ಗದ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಸೇರಿಸಿ ಕೊಂಡಿ ಹಾಕತೊಡಗಿತು. ಒಂಬತ್ತನೆಯ ಕೊಂಡಿ ಮುಗಿದಾಗ ಕೈ ತಾನಾಗಿ ಮೇಲೆದ್ದು, ಹೆಬ್ಬೆರಳನ್ನು ಅವನ ತುಟಿಗೆ ಒತ್ತಿ, ಒದ್ದೆ ಮಾಡಿಕೊಂಡು ಮತ್ತೆ ಎಳೆಗೆ ಇಳಿಯಿತು.

ನೀಲಗಂಗವ್ವ ಧಡಕ್ಕನೆ ಎದ್ದಳು.

"ಎಂಜಲಗೈಲೆ ಸೀರಿ ಮುಟ್ಟಬ್ಯಾಡ ಅಂತ ನಮ್ಮತ್ತಿ ಸಾಯೂತನಕ ಬೈದಳು. ಈ ಊರಾಗ ಒಂಬತ್ತ ಕೊಂಡಿಗೊಮ್ಮೆ ಹೆಬ್ಬೆರಳ ಬಾಯಿಗೆ ಒಯ್ಯೂ ಚಾಳಿ ಇದ್ದದ್ದು ನನಗೊಬ್ಬಾಕಿಗೆ! ನನ್ನ ಕೈ ಹೋಗೂಕಿಂತ ಮೊದಲ ನಿಮ್ಮವರು ಬಂದು, ಅದಕ್ಕ ತಂತಿ ಸುತ್ತಿ ಎಂಟು ದಿನ ನೇಯಿಸಿ, ಅದರ ಆಟ ಎಲ್ಲಾ ಯಂತ್ರದಾಗ ತುಂಬಿಕೊಂಡು ಹೋದರು. ಹೆಸರ ಸುದ್ದಾ ಕೇಳಲಿಲ್ಲ. ಈಗ ನನ್ನ ಚಾಳಿ ನಿನ್ನ ಬಾಯಾಗ ಐತಿ. ಹೇಳೋ, ಕಳ್ಳ ದಾರಿ ಯಾರದು?"

ತಪಾಸಣೆಗಾರ ಉತ್ತರಿಸಲು ಬಾಯಿ ತೆರೆದ. ಅಷ್ಟರಲ್ಲಿ ಹದಿನೆಂಟನೆಯ ಕೊಂಡಿ ಮುಗಿದಿತ್ತು. ಹೆಬ್ಬೆರಳು ಬಂದು ಅವನ ತುಟಿ ಮುಚ್ಚಿತು.