ಮಗ್ಗ ನಿಂತಾಗ

ಹೆದರಿಸುವ ಹಳೆಯ ಸಿನಿಮಾ ಯಾವುದಿದೆ ಎಂದು ಯಾರು ಕೇಳಿದರೂ ನಾನು ಇಂದಿಗೂ ಚಿಕ್ಕವಳಿದ್ದಾಗ ನೋಡಿದ ಒಂದನ್ನೇ ಹೇಳುತ್ತೇನೆ. ಅದರಲ್ಲಿ ಬರುವ ಅಟ್ಟದ ಬಾಗಿಲ ಹಿಂದೆ ಏನಿದೆ ಎಂಬುದರ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಅದನ್ನು ಟೀವಿಯಲ್ಲಿ ನೋಡಿದ ಮಧ್ಯಾಹ್ನ, ಪಕ್ಕದ ಕೋಣೆಯಲ್ಲಿ ಅವ್ವ ರೇಷ್ಮೆ ಸೀರೆ ನೇಯುತ್ತಿದ್ದಳು. ಮಗ್ಗದ ಲಟಪಟ ಸದ್ದು ಕೇಳುತ್ತಿರುವವರೆಗೂ ನನಗೆ ಧೈರ್ಯವಿತ್ತು. ನಾಯಕಿ ಅಟ್ಟದ ಬಾಗಿಲಿಗೆ ಕೈಯಿಟ್ಟಳು. ಅಷ್ಟರಲ್ಲಿ ಮಗ್ಗ ನಿಂತಿತು. ಹಿಂದಿನಿಂದ ಒಂದು ಕೈ ಬಂದು ನನ್ನ ಕಣ್ಣು ಮುಚ್ಚಿತು.

ಬೆರಳುಗಳಿಂದ ರೇಷ್ಮೆ ನೂಲಿನ ವಾಸನೆ ಬಂದಾಗಲೇ ಹೋದ ಜೀವ ಬಂದಂತಾಯಿತು.

“ನೋಡ್ಬ್ಯಾಡ ಕಣವ್ವ, ಎದ್ರಿಕತೀಯ,” ಎಂದಳು ಅವ್ವ.

ಬಾಗಿಲು ಕಿರುಗುಟ್ಟಿತು. ಯಾರೋ ಚೀರಿದರು. ಎಲ್ಲ ಸದ್ದಡಗಿದ ಮೇಲೆ ಕೇಳಿದೆ, “ಒಳಗೆ ಏನಿತ್ತವ್ವ?”

“ನಂಗೇನ್ ಗೊತ್ತು? ನಾನೂ ಕಣ್ ಮುಚ್ಕಂಡಿದ್ದೆ.”