ಕಣದ ಅಂಚಿನ ದೇವರು

"ದೇವ್ರ ಬುಡಕ್ಕೆ ಆರೆ ಆಕ್ಬ್ಯಾಡ ಕಣ್ಲಾ! ಕೈಲೇ ಎತ್ತು," ಪುಟ್ಟನಂಜಮ್ಮ ಕೂಗಿದಳು.

ಅಷ್ಟರಲ್ಲಿ ಮಗ ಶಿವಮೂರ್ತಿ ಹಾರೆ ಹಾಕಿ ಮೀಟಿಯಾಗಿತ್ತು. ಸೊಂಟದೆತ್ತರದ, ಕಂಬದಂಥ ಗುಂಡನೆ ಕಲ್ಲು ಮಣ್ಣು ಬಿಟ್ಟು ವಾಲಿತು. ಟ್ರಾಕ್ಟರ್ ತಂದಿದ್ದ ಗೆಳೆಯ ದಯಾನಂದ್ ಹೆಗಲು ಕೊಟ್ಟು ಅದನ್ನು ಮೆಲ್ಲಗೆ ಮಲಗಿಸಿದ.

ಪುಟ್ಟನಂಜಮ್ಮನ ಹೊಲದ ಮೂಲೆಯ ಹಾಳು ಒಕ್ಕಲುಮನೆ ಯಾರದೆಂದು ಪಣಕಹಳ್ಳಿಯಲ್ಲಿ ಯಾರಿಗೂ ಗೊತ್ತಿಲ್ಲ. ಉಳಿದಿರುವುದು ಗೋಡೆಯ ಪಾಯ, ಒಡೆದ ಒರಳು, ಲಂಟಾನದ ನಡುವೆ ಚಪ್ಪಡಿ ಹಾಸಿದ ಅಗಲವಾದ ಕಣ. ಆ ಚಪ್ಪಡಿಗಳನ್ನು ಕಿತ್ತು ಹೊಸ ಕೊಟ್ಟಿಗೆಗೆ ಹಾಸಬೇಕೆಂದು ಶಿವಮೂರ್ತಿಗೆ ಆಸೆ. ಕಣದ ಅಂಚಿಗೆ ನಿಂತಿದ್ದ ದೇವರಿಗೆ ಹೆದರಿ ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಪುಟ್ಟನಂಜಮ್ಮನಂತೂ ಮದುವೆಯಾಗಿ ಬಂದಾಗಿನಿಂದ ಪ್ರತಿ ಸೋಮವಾರ ಕಲ್ಲಿನ ನೆತ್ತಿಯ ಕುಳಿಗೆ ಎಣ್ಣೆ ಹೊಯ್ದು ಬತ್ತಿ ಹಚ್ಚುತ್ತಿದ್ದಳು. ದೇವರನ್ನು ಮನೆ ಮುಂದೆಯೇ ನಿಲ್ಲಿಸುತ್ತೇನೆಂದು ಹೇಳಿ ಮಗ ಅವಳನ್ನು ಒಪ್ಪಿಸಿದ್ದ.

ದಯಾನಂದ್ ಕಲ್ಲಿನ ಬುಡಕ್ಕೆ ಅಂಟಿದ ಮಣ್ಣು ಕೆರೆದ. ನೆತ್ತಿಯಲ್ಲಿದ್ದಂಥದೇ ಕುಳಿ ಅಲ್ಲೂ ಇತ್ತು. ಒಳಗೆ ತುಕ್ಕು ತಿಂದ ಕಬ್ಬಿಣದ ಚೂರು.

"ಲೋ, ಇದು ರಾಗಿ ಒಕ್ಕೋ ಗುಂಡು ಕಣ್ಲಾ! ಎಳ್ಡು ಕಡೆ ಗೂಟ ಕೊಟ್ಟು ಎತ್ತು ಕಟ್ಟೋರು," ಎಂದು ನಗತೊಡಗಿದ. "ದೊಡ್ಡವ್ವಾ, ಗುಂಡ್ಗೆ ಎಷ್ಟು ಡಬ್ಬ ಎಣ್ಣೆ ಕುಡ್ಸಿದ್ದೀಯಾ?"

ಶಿವಮೂರ್ತಿಗೂ ನಗು ಬಂತು. "ಬುಡು, ದೇವ್ರ ಮನೆತಂಕ ಸಾಗ್ಸೋ ಕೆಲ್ಸ ಉಳೀತು. ಆ ಮೂಲೆಯಿಂದ ಚಪ್ಡಿ ಕೀಳಾನ ಬಾ."

ಪುಟ್ಟನಂಜಮ್ಮ ಕಲ್ಲಿನ ಜಿಡ್ಡನ್ನು ಸೆರಗಿನಲ್ಲಿ ಒರೆಸಿ, ಎರಡೂ ಅಂಗೈ ಊರಿ ತಳ್ಳಿದಳು. ಗುಂಡು ಕಣದ ಮೇಲೆ ಉರುಳಿತು. ಎಲ್ಲೂ ಎಡವಲಿಲ್ಲ, ಪಕ್ಕಕ್ಕೆ ಎಳೆಯಲಿಲ್ಲ. ಮಂಡಿನೋವಿನ ಮುದುಕಿ ಅದರ ಹಿಂದೆ ಕರುವಿನ ಹಿಂದೆ ನಡೆದಂತೆ ನಡೆದು ಕಣದ ಆ ತುದಿ ಮುಟ್ಟಿದಳು.

ಶಿವಮೂರ್ತಿಯ ನಗು ನಿಂತಿತು. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಮಟ್ಟ ನೋಡಿದ. ಚಪ್ಪಡಿಗಳ ಸಂದಿಗೆ ಉಗುರು ತೂರಿಸಲು ಹೋದ, ಆಗಲಿಲ್ಲ. ಗೋಡೆಗಳನ್ನೇ ಬೀಳಿಸಿದ್ದ ಲಂಟಾನದ ಬೇರು ಕಣದ ಒಂದು ಸಂದಿಗೂ ಇಳಿದಿರಲಿಲ್ಲ. ಮಳೆನೀರು ಹರಿದುಹೋಗಲೆಂದು ಹೊಲದಾಚೆಯ ಕಾಡಿನ ಕಡೆಗೆ ಮಾತ್ರ ಒಂದು ಬೆರಳಿನಷ್ಟು ಇಳಿಜಾರು.

"ಗಾರೆಯೋನ ಕೈಲಿ ರಸಮಟ್ಟ ಇಟ್ಟು ಆಕ್ಸಿದ ನಮ್ಮ ಅಂಗಳದಲ್ಲೇ ನೀರು ನಿಂತ್ಕತದೆ," ಎಂದ ದಯಾನಂದ್. ಅವನೂ ಈಗ ನಗುತ್ತಿರಲಿಲ್ಲ.

ಶಿವಮೂರ್ತಿ ಹಾರೆಯನ್ನು ಟ್ರಾಕ್ಟರಿಗೆ ಎಸೆದ. "ಈ ಸಲ ತಾರು ರೋಡ್ಗೆ ರಾಗಿ ಆಸಿ ಬಸ್ಸು ತುಳೀಲಿ ಅಂತ ಕಾಯೋದು ಬ್ಯಾಡ ಕಣ್ಲಾ. ಮೆದೆ ಬಿಚ್ಚಿ ಇಲ್ಲಿಗೇ ತರಾನ." ಆಮೇಲೆ ಚಪ್ಪಲಿ ಕಳಚಿಟ್ಟು ಕಣ ದಾಟಿ ತಾಯಿಯ ಬಳಿಗೆ ಬಂದ.

"ಯಾರವ್ವ ಇದ ಮಾಡ್ದೋರು?"

"ಯಾರಿಗ್ಗೊತ್ಲಾ? ಎಸ್ರು ಕೆತ್ತಿಲ್ಲ, ಊರು ಕೆತ್ತಿಲ್ಲ." ಏದುಸಿರು ಬಿಡುತ್ತ ಪುಟ್ಟನಂಜಮ್ಮ ಗುಂಡಿನ ಬೆನ್ನು ಸವರಿದಳು. "ಎಸ್ರೇ ಗೊತ್ತಿಲ್ದೋರ್ಗೆ ಈ ಗುಂಡ್ಗೆ ಎಣ್ಣೆ ಉಯ್ಯೋದ್ ಬುಟ್ಟು ಇನ್ನೆಂಗ್ಲಾ ಕೈ ಮುಗಿಯೋದು?"